ಅತ್ತೆ ಮೋಟಾರು ಬಿಟ್ಟು ಬಂದದ್ದು

ದುಡ್ಡನ್ನು ನೀರಿನ ಹಾಗೆ ಖರ್ಚು ಮಾಡುತ್ತಾರೆ ಎಂದು ಯಾರನ್ನಾದರೂ ಬೈಯುವುದನ್ನು ಕೇಳಿದರೆ ನನಗೆ ನಗು ಬರುತ್ತದೆ. ಹೆಬ್ಬಗೋಡಿಯ ನಮ್ಮ ಮನೆಯಲ್ಲಿ ನೀರನ್ನೇ ದುಡ್ಡಿನ ಹಾಗೆ ಖರ್ಚು ಮಾಡುತ್ತೇವೆ. ಅಕ್ಕಿ ತೊಳೆದ ನೀರು ದಾಸವಾಳದ ಕುಂಡಕ್ಕೆ, ಬಟ್ಟೆ ಜಾಲಿಸಿದ ನೀರು ಮೆಟ್ಟಿಲಿಗೆ, ಮೆಟ್ಟಿಲು ತೊಳೆದು ಉಳಿದದ್ದು ಪಾಯಿಖಾನೆಗೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಒಂದು ಬಕೆಟ್ ಸೋಪಿನ ನೀರನ್ನು ಸೀದಾ ಮೋರಿಗೆ ಸುರಿದಿದ್ದೆ. ಅತ್ತೆ ಬೈಯಲಿಲ್ಲ. ಮೋರಿಯ ಹತ್ತಿರ ನಿಂತು, ಹೋದ ಜೀವವನ್ನು ನೋಡುವವರಂತೆ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಅತ್ತೆ, ಮಾವ ಇದೇ ಊರಿನ ಹಳಬರು. ರಾಗಿ ಬೆಳೆಯುತ್ತಿದ್ದ ಅವರ ಹೊಲದ ಒಂದು ತುಂಡಿನಲ್ಲಿ ಈಗ ಮೂರು ಅಂತಸ್ತಿನ ಕಟ್ಟಡವಿದೆ. ಅದರಲ್ಲಿ ಹದಿನಾರು ಪುಟ್ಟ ಬಾಡಿಗೆ ಮನೆಗಳು. ಫ್ಯಾಕ್ಟರಿಗೆ ಹೋಗುವವರು, ಗಾರೆ ಕೆಲಸದವರು, ಸೆಕ್ಯುರಿಟಿಯವರು ಇರುತ್ತಾರೆ. ಅಷ್ಟೂ ಮನೆಗೆ, ಮೇಲೆ ನಮ್ಮ ಮನೆಗೂ ಸೇರಿ, ಒಂದೇ ಬೋರ್‌ವೆಲ್. ಅದಕ್ಕೂ ವಯಸ್ಸಾಗಿದೆ. ಒಂದು ಸಲ ಮೋಟಾರು ಹಾಕಿದರೆ ಇಪ್ಪತ್ತು ನಿಮಿಷ ನೀರು ಕೊಡುತ್ತದೆ, ಆಮೇಲೆ ಬರೀ ಗಾಳಿ. ಗಾಳಿ ಶುರುವಾದ ಕೂಡಲೇ ಆಫ್ ಮಾಡದಿದ್ದರೆ ಮೋಟಾರು ಸುಟ್ಟುಹೋಗುತ್ತದೆ. ಆಫ್ ಮಾಡಿ, ಮತ್ತೆ ನೀರು ಕೂಡುವ ತನಕ ಕಾದು, ಮತ್ತೆ ಹಾಕಬೇಕು. ಬೆಳಿಗ್ಗೆ ಐದೂವರೆಗೊಮ್ಮೆ, ಏಳೂವರೆಗೊಮ್ಮೆ, ಸಂಜೆ ಐದಕ್ಕೊಮ್ಮೆ. ಹಬ್ಬ ಹುಣ್ಣಿಮೆ ಎಂದು ಅದಕ್ಕೆ ರಜೆಯಿಲ್ಲ. ತಾನೇ ಆಫ್ ಆಗುವ ಸ್ಟಾರ್ಟರನ್ನು ನನ್ನ ಗಂಡ ಒಮ್ಮೆ ಬಹಳ ಹುರುಪಿನಿಂದ ತಂದು ಹಾಕಿಸಿದರು. ಎರಡು ತಿಂಗಳಲ್ಲಿ ಅದು ಮೋಟಾರನ್ನೂ ಸುಟ್ಟು ತಾನೂ ಸುಟ್ಟುಕೊಂಡಿತು. ಅಲ್ಲಿಂದ ಮತ್ತೆ ಅತ್ತೆಯ ಕಿವಿಯೇ ಗತಿಯಾಯಿತು.

ಕಿವಿ ಎಂದೇ ಹೇಳಬೇಕು. ಅತ್ತೆ ಗಡಿಯಾರ ನೋಡುವುದಿಲ್ಲ. ಸಂಪಿನ ಪಕ್ಕದ ಕಲ್ಲಿನ ಮೇಲೆ ಕೂತು ಪೈಪಿನ ಸದ್ದು ಕೇಳುತ್ತಿರುತ್ತಾರೆ. ನೀರು ತುಂಬಿ ಬರುವಾಗ ಒಂದು ಸದ್ದು, ಮುಗಿಯಲು ಬಂದಾಗ ಇನ್ನೊಂದು. ನಮಗೆ ಎರಡೂ ಒಂದೇ. ಅವರಿಗೆ ಮಾತ್ರ ಗಾಳಿ ಬರುವ ಮುಂಚೆಯೇ ಗೊತ್ತಾಗಿ, ಎದ್ದು ಕೆಂಪು ಗುಂಡಿ ಒತ್ತುತ್ತಾರೆ. ಮಾವನಿಗೆ ಕಿವಿ ಮಂದ, ಅಥವಾ ಮೋಟಾರಿನ ವಿಷಯ ಬಂದಾಗ ಮಂದವಾಗುತ್ತದೆ. ನನ್ನ ಗಂಡ ಮಲಗಿದರೆ ಕುಂಭಕರ್ಣ. ನಾನು ಜಿಗಣಿಯ ಔಷಧಿ ಪ್ಯಾಕಿಂಗ್ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ, ಆರೂ ಮುಕ್ಕಾಲಿಗೆ ಬಸ್ಸು. ಹಾಗೆಂದು ಐದೂವರೆಗೆ ಏಳಲಾರದವಳೇನಲ್ಲ. ಆದರೆ ಅತ್ತೆ ನನಗೆ ಆ ಸ್ಟಾರ್ಟರ್ ಪೆಟ್ಟಿಗೆಯನ್ನು ಮುಟ್ಟಲು ಬಿಟ್ಟವರಲ್ಲ. ಅದರ ಕೀಲಿ ಅವರ ತಾಳಿ ಸರದಲ್ಲಿ, ಪಿನ್ನುಗಳ ಜೊತೆ ಸಿಕ್ಕಿಸಿಕೊಂಡಿರುತ್ತಿತ್ತು. ಒಂದೆರಡು ಸಲ ನಾನಾಗಿಯೇ ಕೇಳಿದ್ದೆ. “ನಿಂಗ್ಯಾಕಮ್ಮ ಅದು” ಎಂದು ಮಾತು ಮುಗಿಸಿದ್ದರು. ಮನೆಯ ಯಜಮಾನಿಕೆ ಆ ಕೀಲಿಯಲ್ಲಿದೆ, ಅದಕ್ಕೇ ಬಿಡುವುದಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲಕ್ಕೆ ನಾನು ಕಾಯುತ್ತಿದ್ದೆ. ಹದಿನಾಲ್ಕು ವರ್ಷ ಆ ಸಿಟ್ಟನ್ನು ಚೆನ್ನಾಗಿಯೇ ಸಾಕಿದೆ.

ಆ ಮೋಟಾರಿನಿಂದಾಗಿ ನಮ್ಮ ಮನೆಯವರೆಲ್ಲ ಒಟ್ಟಿಗೆ ಒಂದು ರಾತ್ರಿಯೂ ಎಲ್ಲಿಗೂ ಹೋದದ್ದಿಲ್ಲ. ನನ್ನ ಮದುವೆಯ ಆರತಕ್ಷತೆಯ ಫೋಟೋಗಳಲ್ಲಿ ಅತ್ತೆ ಇಲ್ಲ. ಸಂಜೆಯ ನೀರು ಬಿಡಬೇಕಿತ್ತು. ಮರುದಿನ ಏಳೂವರೆಯ ನೀರು ಮುಗಿಸಿ ಬಂದು, ಧಾರೆಗೆ ಐದು ನಿಮಿಷ ಇರುವಾಗ ಛತ್ರ ಮುಟ್ಟಿದರು. ಅವರ ಸ್ವಂತ ತಮ್ಮನ ಮಗಳ ಮದುವೆಗೆ ಹೋಗಲೇ ಇಲ್ಲ. ಧರ್ಮಸ್ಥಳಕ್ಕೆ ನಾವು ಮೂರು ಸಲ ಹೋಗಿ ಬಂದೆವು. ಮೂರು ಸಲವೂ ಅವರಿಗೆ ಪ್ರಸಾದ ತಂದುಕೊಟ್ಟೆವು.

ಎರಡು ವರ್ಷದ ಹಿಂದೆ ಗಂಡನ ಕಂಪನಿಯ ಫ್ಯಾಮಿಲಿ ಡೇ ದಿನ ಚೀಟಿ ಎತ್ತಿದಾಗ ನಮಗೆ ಬಹುಮಾನ ಬಂತು. ನಗರದ ಇನ್ನೊಂದು ಕೊನೆಯಲ್ಲಿರುವ ಥೀಮ್ ಪಾರ್ಕಿನ ರೆಸಾರ್ಟ್ ಹೋಟೆಲಿನಲ್ಲಿ ಎರಡು ರೂಮು, ಒಂದು ದಿನದ ವಾಸ, ಆರು ಜನರಿಗೆ. ನಾವು ಸರಿಯಾಗಿ ಆರು ಜನ: ಅತ್ತೆ, ಮಾವ, ನಾವಿಬ್ಬರು, ಮಗಳು, ಮಗ. “ನೀವು ಐದ್ ಜನ ಓಗ್ಬನ್ನಿ” ಎಂದರು ಅತ್ತೆ, ಎಂದಿನಂತೆ. ಈ ಸಲ ನನ್ನ ಮಗಳು ಅಡ್ಡ ನಿಂತಳು. ಹನ್ನೆರಡು ವರ್ಷ, ಕೋಪ ನನಗಿಂತಲೂ ಹೆಚ್ಚು, ಮೂಗಿನ ಮೇಲೆಯೇ. “ಅಜ್ಜಿ ಬರ್ದಿದ್ರೆ ನಾನೂ ಬರಲ್ಲ” ಎಂದು ಬಟ್ಟೆ ತುಂಬಿದ ಬ್ಯಾಗನ್ನು ಖಾಲಿ ಮಾಡಿ ಮಂಚದ ಮೇಲೆ ಸುರಿದಳು. ಅವಳ ಹಠ ಎರಡು ದಿನ ನಡೆಯಿತು. ಎರಡನೆಯ ದಿನ ರಾತ್ರಿ ಊಟದ ಮಧ್ಯೆ ಅತ್ತೆ, “ಮೊದ್ಲನೇ ಮನೆಯವ್ಳು ನೋಡ್ಕೋತಾಳಾ ಕೇಳ್ತೀನಿ” ಎಂದರು. ಮಾವನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ನಿಂತಿತು. ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು.

ಮೊದಲನೇ ಮನೆಯವಳು ಯಾದಗಿರಿ ಕಡೆಯವಳು. ಗಂಡ ಹೆಂಡತಿ ಇಬ್ಬರೂ ಗಾರೆ ಕೆಲಸಕ್ಕೆ ಹೋಗುತ್ತಾರೆ, ಒಂಬತ್ತು ವರ್ಷದಿಂದ ಸಂಪಿನ ಪಕ್ಕದ ಮನೆಯಲ್ಲೇ ಇದ್ದಾರೆ. ಹೊರಡುವ ಮುಂಚಿನ ಎರಡು ದಿನ ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಮಾಡಿದರು. ಹಸಿರು ಗುಂಡಿಯನ್ನು ಒತ್ತಿ ಹಿಡಿದು ಹತ್ತು ಎಣಿಸಬೇಕು. ಮೊದಲ ನೀರು ಕೆಂಪಗಿರುತ್ತದೆ, ಹೊರಗೆ ಬಿಡಬೇಕು. ಸದ್ದು ಬದಲಾದ ಕೂಡಲೇ ಕೈ ಗುಂಡಿಯ ಮೇಲಿರಬೇಕು. ಆಮೇಲೆ ತಾಳಿ ಸರದಿಂದ ಆ ಕೀಲಿಯನ್ನು ಬಿಚ್ಚಿ ಅವಳ ಕೈಗೆ ಇಟ್ಟರು. ನಾನು ಮೇಲಿನ ಮೆಟ್ಟಿಲಿನಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಹದಿನಾಲ್ಕು ವರ್ಷದ ಸೊಸೆಗೆ ಸಿಗದ ಕೀಲಿ ಬಾಡಿಗೆಯವಳಿಗೆ ಎರಡು ದಿನದಲ್ಲಿ ಸಿಕ್ಕಿತ್ತು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಶನಿವಾರ ಬೆಳಗಿನ ಎರಡೂ ನೀರು ಅತ್ತೆಯೇ ಬಿಟ್ಟ ಮೇಲೆ ಹೊರಟೆವು. ಹೊಸೂರು ರಸ್ತೆಯ ಜಂಗುಳಿ ದಾಟಿ, ನಗರವನ್ನು ಸುತ್ತಿ, ಆ ಹೋಟೆಲಿನ ಗೇಟಿನೊಳಗೆ ಹೋದೆವು. ಬಾಗಿಲಲ್ಲೇ ಒಂದು ಗೋಡೆ, ಆ ಗೋಡೆಯ ಮೇಲಿಂದ ಕೆಳಗಿನವರೆಗೆ ತೆಳ್ಳಗೆ ನೀರು ಇಳಿಯುತ್ತಿತ್ತು. ಸುಮ್ಮನೆ, ಯಾರಿಗೂ ಬೇಡದೆ, ಇಳಿಯುತ್ತಲೇ ಇತ್ತು. ಅತ್ತೆ ಅದರ ಮುಂದೆ ನಿಂತು ಕೆಳಗೆ ಬಾಗಿ, ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿದರು. “ಮತ್ತೆ ಮೇಲಕ್ಕೇ ಹೋಗುತ್ತೆ ಅಮ್ಮ, ವೇಸ್ಟ್ ಆಗಲ್ಲ” ಎಂದು ನನ್ನ ಗಂಡ ಸಮಾಧಾನ ಹೇಳಿದ ಮೇಲೆಯೇ ಅಲ್ಲಿಂದ ಕದಲಿದ್ದು.

ಗಾಜಿನ ಲಿಫ್ಟು ನಮ್ಮನ್ನು ಎತ್ತಿಕೊಂಡು ಆರನೆಯ ಮಹಡಿಗೆ ಹೋಯಿತು. ಮಾವ ಎರಡೂ ಕೈಯಲ್ಲಿ ಕಂಬಿ ಹಿಡಿದು, ಕೆಳಗೆ ಸಣ್ಣದಾಗುತ್ತಿರುವ ಜನರನ್ನು ನೋಡುತ್ತಾ, “ಇದೇನ್ ಕಮ್ಮಿ ಅಂದ್ರೂ ಎಂಬತ್ತು ಎಕ್ರೆ ಐತೆ ಕಣಯ್ಯ” ಎಂದರು. ಭೂಮಿ ಮಾರಿದವರ ಕಣ್ಣಿಗೆ ಎಲ್ಲವೂ ಎಕರೆ, ಗುಂಟೆಯಲ್ಲೇ ಕಾಣುತ್ತದೆ. ರೂಮಿನ ಪರದೆ ಸರಿಸಿದೆ. ನಾನು ಮೂವತ್ತೊಂಬತ್ತು ವರ್ಷದವಳು, ಎರಡು ಮಕ್ಕಳ ತಾಯಿ. ಆದರೂ ಆ ಕಿಟಕಿಯ ಮುಂದೆ ಬಾಯಿ ಬಿಟ್ಟುಕೊಂಡೇ ನಿಂತೆ. ಆಕಾಶದಲ್ಲಿ ಒಂದು ಚಕ್ರ ನಿಧಾನವಾಗಿ ತಿರುಗುತ್ತಿತ್ತು. ಹಳಿಯ ಮೇಲೆ ಜನ ತಲೆಕೆಳಗಾಗಿ ಕಿರುಚುತ್ತಾ ಹೋಗುತ್ತಿದ್ದರು. ಅವೆಲ್ಲದರ ನಡುವೆ, ನಮ್ಮ ಹಳೆಯ ಹೊಲದಷ್ಟೇ ಅಗಲಕ್ಕೆ, ನೀಲಿ ನೀರು. ನೋಡುತ್ತಿದ್ದಂತೆ ಅದರ ಒಂದು ತುದಿಯಿಂದ ಅಲೆ ಎದ್ದು ನೂರಾರು ಜನರನ್ನು ಎತ್ತಿ ಇಳಿಸಿತು. ಹಿಂದೆ ತಿರುಗಿ “ಅತ್ತೆ, ಬನ್ನಿ ಇಲ್ಲಿ” ಎಂದೆ. ಅತ್ತೆ ಇರಲಿಲ್ಲ.

ಬಚ್ಚಲಿನಿಂದ ನೀರಿನ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಅತ್ತೆ ಸೀರೆ ಎತ್ತಿ ಕಟ್ಟಿ, ಎರಡೂ ನಲ್ಲಿ ಬಿಟ್ಟು, ಬಿಳಿಯ ಟಬ್ಬನ್ನು ಕಂಠಮಟ್ಟ ತುಂಬಿಸುತ್ತಿದ್ದರು. ಚಹಾ ಕಾಯಿಸುವ ಕೆಟ್ಲು ತುಂಬಿತ್ತು. ಎರಡು ಗಾಜಿನ ಲೋಟ, ಎರಡು ಕಪ್ಪು ತುಂಬಿದ್ದವು. ಕಸದ ಡಬ್ಬಿಯನ್ನು ತೊಳೆದು ಅದರಲ್ಲೂ ತುಂಬಿದ್ದರು.

“ಅತ್ತೆ, ಏನಿದು?”

“ಬರೋವಾಗ ಇಡ್ಕೋಬೇಕು ಕಣಮ್ಮ. ನಿಂತೋದ್ಮೇಲೆ ಯಾರ್ನ ಕೇಳೋಣ?” ಎಂದರು. ಟಬ್ಬಿನ ಅಂಚನ್ನು ಒರೆಸಿ, “ಮಕ್ಳಿಗೆ ಹೇಳು, ಇದ್ರಲ್ಲಿ ಕೈ ಅದ್ದಬಾರ್ದು” ಎಂದೂ ಸೇರಿಸಿದರು.

ಆ ಹೊತ್ತಿಗೆ ಸರಿಯಾಗಿ ಟವೆಲು ತಂದ ಕೆಲಸದಾಕೆ ಬಾಗಿಲು ತಟ್ಟಿದಳು. ನನಗೆ ನಾಚಿಕೆಯಿಂದ ಮುಖ ಕೆಂಪಾಯಿತು. ಆಕೆ ಬಚ್ಚಲು ನೋಡಿ ಜೋರಾಗಿ ನಕ್ಕಳು. “ನಮ್ಮಮ್ಮ ಬಂದ್ರೂ ಇದೇ ಮಾಡೋದು, ಬೇಜಾರ್ ಮಾಡ್ಕೋಬೇಡಿ ಮೇಡಂ” ಎಂದಳು. ಅತ್ತೆಯ ಕಡೆ ತಿರುಗಿ, “ಅಮ್ಮ, ಇಲ್ಲಿ ನೀರು ನಿಲ್ಲೋದೇ ಇಲ್ಲ. ಯಾವಾಗ ತಿರುಗಿಸಿದ್ರೂ ಬರುತ್ತೆ” ಎಂದಳು.

ಅತ್ತೆಗೆ ಅದು ನಂಬುವ ಮಾತಾಗಿರಲಿಲ್ಲ. “ಮೋಟ್ರು ಯಾರು ಆಕ್ತಾರೆ?” ಎಂದು ಕೇಳಿದರು.

“ಕೆಳಗೆ ಪಂಪ್ ಹೌಸ್ ಇದೆ ಅಮ್ಮ. ಯಾರಾದ್ರೂ ಒಬ್ರು ಇದ್ದೇ ಇರ್ತಾರೆ, ಶಿಫ್ಟ್ ಮೇಲೆ. ನಾನೂ ಒಳಗೆ ಹೋಗಿ ನೋಡಿಲ್ಲ.”

“ಊಟಕ್ಕೆ ಬಿಡ್ತಾರಾ ಅವ್ರನ್ನ?” ಎಂದರು ಅತ್ತೆ. ಆಕೆ ನಗುತ್ತಾ ಹೋದಳು.

ಸಂಜೆ ಐದಾಗುತ್ತಿದ್ದಂತೆ ಅತ್ತೆಯ ಮುಖ ಬದಲಾಯಿತು. ನಾವು ಅಲೆಯ ಕೊಳಕ್ಕೆ ಹೊರಟು ನಿಂತಿದ್ದೆವು. ಅವರು ಮಂಚದ ತುದಿಯಲ್ಲಿ ಕೂತು ಮೊದಲನೇ ಮನೆಯವಳಿಗೆ ಫೋನ್ ಮಾಡಿದರು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದರು. ಐದೂ ಐದು, ಐದೂ ಹತ್ತು. ಉತ್ತರವಿಲ್ಲ. ಕೀಲಿಯಿಲ್ಲದ ತಾಳಿ ಸರವನ್ನು ಬೆರಳು ತಾನಾಗಿಯೇ ತಡಕಾಡುತ್ತಿತ್ತು. ಐದೂ ಕಾಲಿಗೆ ಎದ್ದು, ತಮ್ಮ ಸೀರೆಯನ್ನು ಬ್ಯಾಗಿಗೆ ತುರುಕಿದರು.

“ನಂಗೆ ಬಸ್ ಎಲ್ ಸಿಗುತ್ತೆ ತೋರ್ಸಿ ಸಾಕು. ನೀವು ಇರಿ.”

“ಅಜ್ಜೀ” ಎಂದು ಮಗಳು ಅಳುಮುಖ ಮಾಡಿದಳು. ನನ್ನ ಗಂಡ ಕಾರಿನ ಕೀಲಿ ಹುಡುಕಲು ಶುರುಮಾಡಿದರು. ಆಗ ನನ್ನ ತಾಳ್ಮೆ ಹಾರಿತು.

“ಹೋಗಿ ಅತ್ತೆ, ಹೋಗಿ” ಎಂದೆ. “ಆ ಕೀಲಿ ಕೊರಳಲ್ಲಿ ಇಲ್ದಿದ್ರೆ ನಿಮಗೆ ಉಸಿರೇ ಆಡಲ್ಲ ಅಂತ ನಂಗೊತ್ತು. ನೀವಿಲ್ದೆ ಏನೂ ನಡೆಯಬಾರದು, ಅದೇ ತಾನೇ ನಿಮಗೆ ಬೇಕಾಗಿರೋದು?”

ಅತ್ತೆ ನನ್ನನ್ನು ನೋಡಿದರು. ಕೋಪದಿಂದಲ್ಲ. ಹೇಳಲು ಏನೋ ಇದ್ದು, ಹೇಳುವುದೋ ಬೇಡವೋ ಎಂದು ಯೋಚಿಸುವವರ ನೋಟ ಅದು. ಮಾತು ಬಾಯಿಂದ ಹೊರಟ ಕೂಡಲೇ ನನಗೆ ಕೆಡುಕೆನಿಸಿತ್ತು, ಆದರೆ ಆಡಿದ ಮಾತು, ಒಡೆದ ಮುತ್ತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅತ್ತೆ ಅವಸರದಲ್ಲಿ ಎತ್ತುವಾಗ ಸ್ಪೀಕರ್ ಒತ್ತಿಹೋಯಿತು.

“ಅವ್ವಾರ, ಹೆದರಬ್ಯಾಡ್ರಿ. ಫೋನ್ ಒಳಗ ಚಾರ್ಜಿಗಿ ಹಾಕಿದ್ದೆ. ನೀರ್ ಬಿಟ್ಟು, ಬಂದ್ ಮಾಡಿ, ಕೀಲಿನೂ ಹಾಕೀನ್ರಿ. ಟಾಕಿ ತುಂಬೇತ್ರಿ. ನೀವ್ ಉಂಡು ಆರಾಮ್ ಇರ್ರಿ.”

ಅತ್ತೆ ಬ್ಯಾಗನ್ನು ಕೆಳಗಿಟ್ಟರು. ಆದರೆ ಬಟ್ಟೆಯನ್ನು ಹೊರಗೆ ತೆಗೆಯಲಿಲ್ಲ. “ಬೆಳಗಿನ್ದು ನೋಡೋಣ. ಬೆಳಿಗ್ಗೆ ಬೋರು ಬೇರೆ ಥರ ಇರ್ತದೆ” ಎಂದರು. ಬೆಳಗಿನ ನೀರು ಸರಿಹೋಗದಿದ್ದರೆ ಆರು ಗಂಟೆಗೆಲ್ಲ ಹೊರಟುಬಿಡುವುದು ಎಂದು ಅವರ ಲೆಕ್ಕ. ನಮ್ಮ ಅಲೆಯ ಕೊಳ, ಆ ದೊಡ್ಡ ಚಕ್ರ, ಎಲ್ಲವೂ ಈಗ ಹೆಬ್ಬಗೋಡಿಯ ಆ ಒಂದು ಪೈಪಿನ ಮೇಲೆ ನಿಂತಿತ್ತು. ಆ ಸಂಜೆ ಯಾರೂ ನೀರಿಗಿಳಿಯಲಿಲ್ಲ. ಊಟದ ಹಾಲಿನಲ್ಲಿ ನಲವತ್ತು ಬಗೆಯ ತಿಂಡಿ ಸಾಲಾಗಿ ಇಟ್ಟಿದ್ದರು. ಮಾವ ಸಾಲಿನ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದು, ಕೊನೆಗೆ ಬರೀ ಮೊಸರನ್ನ ಹಾಕಿಕೊಂಡು ಬಂದರು. ಅತ್ತೆ ನನ್ನ ತಟ್ಟೆಗೆ ತಾವೇ ಒಂದು ಜಾಮೂನು ಹಾಕಿದರು. ನಾನು ತಲೆಯೆತ್ತದೆ ತಿಂದೆ.

ಬೆಳಿಗ್ಗೆ ಎಚ್ಚರವಾದಾಗ ಇನ್ನೂ ಬೆಳಕು ಹರಿಯುತ್ತಿತ್ತು. ಎರಡು ರೂಮಿನ ನಡುವಿನ ಬಾಗಿಲು ತೆರೆದಿತ್ತು. ಅತ್ತೆ ಬಾಲ್ಕನಿಯಲ್ಲಿ, ಸೆರಗು ಹೊದ್ದು, ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದರು. ಕಿವಿಗೆ ಫೋನ್ ಒತ್ತಿಕೊಂಡಿದ್ದರು. ನಾನು ಹತ್ತಿರ ಹೋದೆ. ಸುಮ್ಮನಿರು ಎಂದು ಕೈಸನ್ನೆ ಮಾಡಿದರು. ಯಾರ ಮಾತೂ ಕೇಳುತ್ತಿರಲಿಲ್ಲ. ಫೋನಿನಿಂದ ಬರುತ್ತಿದ್ದದ್ದು ನೀರಿನ ಸದ್ದು.

ಮೊದಲನೇ ಮನೆಯವಳು ತನ್ನ ಫೋನನ್ನು ಸಂಪಿನ ಪೈಪಿನ ಬಾಯಿಗೆ ಹಿಡಿದಿದ್ದಳು. ಅಷ್ಟು ದೂರದಲ್ಲಿ ನಮ್ಮ ಬೋರ್‌ವೆಲ್ ನೀರು ಕೊಡುತ್ತಿತ್ತು, ಇಲ್ಲಿ ಆರನೆಯ ಮಹಡಿಯಲ್ಲಿ ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರ ಬಲಗೈ ತೊಡೆಯ ಮೇಲೆ ಗುಂಡಿ ಒತ್ತುವವರಂತೆ ಸಿದ್ಧವಾಗಿತ್ತು. ಕೆಳಗೆ ಚಕ್ರ ನಿಂತಿತ್ತು, ನೀಲಿ ಕೊಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಅವರು ಫೋನನ್ನು ಸ್ವಲ್ಪ ನನ್ನ ಕಡೆಗೂ ವಾಲಿಸಿದರು. ನಾನು ಆ ಸದ್ದನ್ನು ಹದಿನಾಲ್ಕು ವರ್ಷ ಹಾಸಿಗೆಯಲ್ಲೇ ಕೇಳಿದ್ದೆ, ನಿದ್ದೆ ಕೆಡಿಸುವ ಸದ್ದು ಎಂದು. ಆವತ್ತು ಮೊದಲ ಸಲ ಅದರಲ್ಲಿ ಏರಿಳಿತ ಇರುವುದು ತಿಳಿಯಿತು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆಯ ಹುಬ್ಬು ಗಂಟಿಕ್ಕಿತು. ಬಾಯಿ ತೆರೆದರು. ‘ಆಫ್’ ಎನ್ನುವುದರೊಳಗೆ ಅತ್ತ ಕಡೆ ಟಕ್ಕೆಂದು ಸದ್ದಾಗಿ ಎಲ್ಲವೂ ನಿಂತಿತು.

“ಬಂದ್ ಮಾಡ್ದೆ ನೋಡ್ರಿ ಅವ್ವಾರ. ಸಪ್ಪಳ ಬದಲಾತು. ಬರೋಬ್ಬರಿ ಮಾಡೀನಿಲ್ರಿ?”

ಅತ್ತೆ ಸಿದ್ಧವಾಗಿದ್ದ ಬಲಗೈಯನ್ನು ಮಡಚಿಕೊಂಡರು. “ಸರ್ಯಾಗ್ ಮಾಡ್ದೆ ಕಣಮ್ಮ. ಏಳೂವರೆದು ನೀನೇ ಆಕು. ನಾನು ಫೋನ್ ಮಾಡಕಿಲ್ಲ” ಎಂದು ಇಟ್ಟರು. ಆಮೇಲೆ ನನಗೆ, “ನಾ ಹೇಳಕ್ಕೆ ಮುಂಚೇನೇ ಆಫ್ ಮಾಡುದ್ಲು” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ಸಂತೋಷವೋ, ಏನೋ ಕಳೆದುಕೊಂಡ ನೋವೋ ಅವರಿಗೇ ಗೊತ್ತಿದ್ದಂತಿರಲಿಲ್ಲ. ಎದ್ದು ಒಳಗೆ ಹೋಗಿ ಬ್ಯಾಗಿನಿಂದ ಬಟ್ಟೆಯನ್ನೆಲ್ಲ ತೆಗೆದು ಕಪಾಟಿನಲ್ಲಿ ಜೋಡಿಸಿದರು. ಹನ್ನೊಂದು ಗಂಟೆಗೆ ರೂಮು ಖಾಲಿ ಮಾಡಬೇಕು ಎಂದು ಯಾರೂ ಅವರಿಗೆ ಹೇಳಲಿಲ್ಲ.

ಆದರೆ ಟಬ್ಬಿನ ನೀರನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ತುಂಬಿಟ್ಟ ನೀರನ್ನು ಸುಮ್ಮನೆ ಚೆಲ್ಲುವ ಹಾಗಿಲ್ಲ. ಹಾಗಾಗಿ ತಲೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಷವರು ತೂಗುತ್ತಿದ್ದರೂ ನಾವು ಆರು ಜನ ಒಬ್ಬರಾದ ಮೇಲೊಬ್ಬರು ಆ ಟಬ್ಬಿನಿಂದ ಚಹಾದ ಕಪ್ಪಿನಲ್ಲಿ ನೀರು ಮೊಗೆದು ಸ್ನಾನ ಮಾಡಿದೆವು. ಮಾವನಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಕೊಳದ ಬಾಗಿಲಲ್ಲಿ ಇನ್ನೊಂದು ತೊಡಕು ಬಂತು. ಸೀರೆಯಲ್ಲಿ ನೀರಿಗಿಳಿಯುವಂತಿಲ್ಲ. ಪಕ್ಕದ ಅಂಗಡಿಯಲ್ಲಿ ಮಣಿಕಟ್ಟಿನಿಂದ ಹಿಮ್ಮಡಿಯವರೆಗೆ ಮುಚ್ಚುವ ಕಪ್ಪು ಬಟ್ಟೆ ಇತ್ತು. ಅತ್ತೆ ಅದನ್ನು ಎತ್ತಿ ಹಿಡಿದು, “ಇದ್ಯಾವ್ ವೇಸ ಕಣಮ್ಮ, ಊರ್ನೋರು ನೋಡುದ್ರೆ ಏನಂದಾರು?” ಎಂದರು. “ಊರಿನವರಿಗೆಲ್ಲ ನೀವೇ ನೀರು ಬಿಡೋದು, ಏನೂ ಅನ್ನಲ್ಲ” ಎಂದೆ. ನಕ್ಕುಬಿಟ್ಟರು. ಹಿಂದಿನ ಸಂಜೆಯ ನಂತರ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಬಟ್ಟೆ ಬದಲಿಸಿ ಹೊರಗೆ ಬಂದಾಗ ಸೆರಗಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಎದೆಯ ಮೇಲೆ ಕಟ್ಟಿಕೊಂಡಿದ್ದರು. ಮಾವ ಅವರನ್ನು ನೋಡಿ, ಛತ್ರಿಯ ನೆರಳಲ್ಲಿ ಕೂತು ಪೇಪರು ಬಿಡಿಸಿದರು. ಮಕ್ಕಳೂ ನನ್ನ ಗಂಡನೂ ಆಗಲೇ ಆಳದ ಕಡೆ ಓಡಿದ್ದರು.

ನಾನು ಅತ್ತೆಯ ಕೈ ಹಿಡಿದು ಇಳಿಸಿದೆ. ಪಾದ ಮುಳುಗುವಲ್ಲಿ ನಿಂತರು. ಬಾಗಿ, ಒಂದು ಬೊಗಸೆ ನೀರು ಎತ್ತಿ ಕಣ್ಣಿಗೊತ್ತಿಕೊಂಡರು. ಮೊಣಕಾಲಿನವರೆಗೆ ಬಂದರು. ಸೊಂಟದವರೆಗೆ ಬಂದರು. ಅಷ್ಟು ನೀರಿನಲ್ಲಿ ಯಾವಾಗ ನಿಂತಿದ್ದಿರಿ ಎಂದು ಕೇಳಿದರೆ, “ಕೆರೇಲಿ ನೀರಿದ್ದಾಗ” ಎಂದಷ್ಟೇ ಹೇಳಿದರು.

ಆಗ ಸೈರನ್ ಕೂಗಿತು. ನಮ್ಮ ಜಿಗಣಿಯಲ್ಲಿ ಸೈರನ್ ಆದರೆ ಜನ ತಲೆ ತಗ್ಗಿಸಿ ಬೇಗ ಬೇಗ ನಡೆಯುತ್ತಾರೆ. ಇಲ್ಲಿ ಎಲ್ಲರೂ ಕೈ ಎತ್ತಿ ಕೂಗಿದರು. ಅತ್ತೆ ಬೆದರಿ ನನ್ನ ತೋಳು ಹಿಡಿದರು. “ಏನಮ್ಮ ಅದು?”

“ಅಲೆ ಬರುತ್ತೆ ಅತ್ತೆ. ಮೋಟಾರು ಹಾಕ್ತಾ ಇದ್ದಾರೆ.”

ದೂರದ ಗೋಡೆಯ ಬುಡದಿಂದ ನೀರು ಉಬ್ಬಿ ಎದ್ದಿತು. ಅದು ನಮ್ಮ ಕಡೆ ಉರುಳಿ ಬಂತು. ಮೊದಲ ಅಲೆ ನಮ್ಮಿಬ್ಬರನ್ನೂ ನೆಲದಿಂದ ಎತ್ತಿತು. ಎತ್ತಿ, ಹಿಂದಕ್ಕೆ ಒಯ್ದು, ಮೆತ್ತಗೆ ಇಳಿಸಿತು. ಮತ್ತೊಂದು ಬಂತು. ಅತ್ತೆಯ ಹೆರಳು ಬಿಚ್ಚಿಹೋಗಿ ನರೆಗೂದಲು ನೀರಿನ ಮೇಲೆ ಹರಡಿತು. ಅವರು ಕಿರುಚಲಿಲ್ಲ, ಬಾಯಿ ತೆರೆದು ನಗುತ್ತಿದ್ದರು. ಅವರಿಗೆ ಅಷ್ಟು ದೊಡ್ಡ ನಗು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅಲೆ ನಿಂತ ಮೇಲೆ ಅತ್ತೆ ಸುತ್ತ ಹುಡುಕಿದರು. ಅಲೆ ಹೊರಟ ಗೋಡೆಯ ಹಿಂದೆ, ಗಿಡಗಳ ಮರೆಯಲ್ಲಿ, ಒಂದು ಸಣ್ಣ ಕಟ್ಟಡವಿತ್ತು. ಅದರ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.

“ದೇವಸ್ಥಾನ ಅಲ್ಲ ಅತ್ತೆ ಅದು.”

“ಗೊತ್ತು ಕಣಮ್ಮ. ಅಲ್ಲಿ ಯಾರೋ ಕೂತವ್ರೆ, ಪಾಪ. ನಾವಿಷ್ಟು ಜನ ಆಡ್ತಾ ಇದೀವಿ, ಅವ್ರು ಸದ್ದು ಕೇಳ್ತಾ ಕೂತವ್ರೆ.”

ಕೊಳದಲ್ಲಿ ಐನೂರು ಜನರಾದರೂ ಇದ್ದಿರಬೇಕು. ಆ ಮನುಷ್ಯನನ್ನು ನೆನೆದವರು ಒಬ್ಬರೇ. ನನಗೆ ಆ ನೀರು, ಆ ಚಕ್ರ, ಆ ಹೋಟೆಲು ಎಲ್ಲವೂ ಚಿಕ್ಕದಾಗಿ ಕಂಡವು. ಇನ್ನು ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ.

“ಅತ್ತೆ, ಅವಳಿಗೆ ಎರಡು ದಿನದಲ್ಲಿ ಕಲಿಸಿದ್ರಿ. ಹದಿನಾಲ್ಕು ವರ್ಷ ಆಯ್ತು, ನಂಗ್ಯಾಕೆ ಕೊಡ್ಲಿಲ್ಲ ಆ ಕೀಲಿ? ನಾನೇನು ಬೇರೆಯವಳಾ?”

ಅತ್ತೆ ಒದ್ದೆ ಕೂದಲನ್ನು ಹಿಂಡಿ ಗಂಟು ಹಾಕಿಕೊಂಡರು.

“ನಮ್ಮತ್ತೆ ನಂಗೆ ಆ ಕೀಲಿ ಕೊಟ್ಟಿದ್ದು ಮದ್ವೆ ಆದ ಎಂಟನೇ ದಿನ” ಎಂದರು. “ಆವಾಗ ಹೊಲದ್ ಮೋಟ್ರು. ನಂಗೂ ಖುಸಿ ಆಯ್ತು, ಮನೆ ನನ್ ಕೈಗೆ ಬಂತು ಅಂತ. ಆಮೇಲೆ ನೋಡು, ‘ಅವ್ಳಿದಾಳಲ್ಲ’ ಅಂದ್ಕೊಂಡು ಎಲ್ರೂ ಎದ್ದೋದ್ರು. ನಮ್ಮಪ್ಪ ಸತ್ತಾಗ ಮಣ್ಣಿಗೆ ಓಗಿದ್ದೋಳು ಸಂಜೆ ನೀರಿಗೆ ವಾಪಸ್ ಬಂದೆ. ನಿಂಗೆ ಕೊಟ್ಟಿದ್ರೆ ನೀ ಕೆಲ್ಸಕ್ಕೆ ಓಗ್ತಿದ್ದಾ? ಮೂರು ತಿಂಗ್ಳು ಓಗ್ತಿದ್ದೆ. ಆಮೇಲೆ ‘ಸೊಸೆಗೆ ಬರ್ತದಲ್ಲ, ನೋಡ್ಕೋತಾಳೆ’ ಅಂದ್ಬಿಡೋರು. ಅದುಕ್ಕೇ ಕಲಿಸ್ಲಿಲ್ಲ.”

“ಮತ್ತೆ ಅವಳು?”

“ಅವ್ಳಿಗೂ ಕೆಲ್ಸ ಐತೆ. ಒಂದಿನಕ್ಕೆ ಕೊಟ್ಟಿದೀನಿ, ರಾತ್ರಿಗೆ ಇಸ್ಕೋತೀನಿ.”

ದಿನವೂ ಆರೂ ಮುಕ್ಕಾಲಿಗೆ ನಾನು ಬಸ್ಸಿಗೆ ಓಡುವಾಗ ಆ ಕಲ್ಲಿನ ಮೇಲೆ ಕೂತು, “ನಿಧಾನಕ್ ಓಗು” ಎನ್ನುತ್ತಿದ್ದ ಹೆಂಗಸು ನನ್ನ ದಾರಿಗೆ ಕಾವಲಾಗಿದ್ದಳು. ನಾನು ಅವಳನ್ನು ಹಿಂದಿನ ಸಂಜೆಯಷ್ಟೇ ಎಲ್ಲರ ಮುಂದೆ ಆಡಿಕೊಂಡಿದ್ದೆ. ಮುಖ ತೊಳೆಯುವ ನೆಪದಲ್ಲಿ ಬಾಗಿ ಅತ್ತುಬಿಟ್ಟೆ. ಆ ಕೊಳದಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ.

“ರಾತ್ರಿ ಕೀಲಿ ಇಸ್ಕೊಂಡ್ರೆ ನಿಮ್ಮ ಕೊರಳಿಗೆ ಹಾಕ್ಕೋಬೇಡಿ” ಎಂದೆ ಕೊನೆಗೆ. “ನಿಮ್ಮ ಮಗನಿಗೆ ಕೊಡಿ.”

“ಅವ್ನಾ? ಭೂಮಿ ಅದುರಿದ್ರೂ ಏಳಕಿಲ್ಲ ಅವ್ನು.”

“ಎರಡು ಮೋಟಾರು ಸುಟ್ಟರೆ ಏಳ್ತಾರೆ.”

ಅತ್ತೆ ದೂರದಲ್ಲಿ ಮಕ್ಕಳ ಜೊತೆ ಕುಣಿಯುತ್ತಿದ್ದ ಮಗನನ್ನು ನೋಡಿದರು, ಛತ್ರಿಯ ಕೆಳಗೆ ಪೇಪರಿನ ಹಿಂದೆ ಅಡಗಿದ್ದ ಮಾವನನ್ನು ನೋಡಿದರು. ಏನೋ ಲೆಕ್ಕ ಹಾಕುತ್ತಿದ್ದರು. ಅವರು ಬಾಯಿ ತೆರೆಯುವುದಕ್ಕೂ ಮತ್ತೆ ಸೈರನ್ ಆಗುವುದಕ್ಕೂ ಸರಿಹೋಯಿತು. ಈ ಸಲ ಅವರು ಬೆದರಲಿಲ್ಲ. ನನ್ನ ಮಣಿಕಟ್ಟು ಹಿಡಿದು ಆಳದ ಕಡೆಗೆ ಎಳೆದರು.

“ಬಾ ಬಾ, ಬೇಗ ಬಾ” ಎಂದರು. “ಯಾರೋ ಮೋಟ್ರು ಆಕವ್ರೆ.”